ಹೇಳದೆ ಕಳೆಯುವ ಶುಲ್ಕಗಳನ್ನು ಹಿಡಿಯುವುದು ಹೇಗೆ?

ಪ್ರಶ್ನೆ: ಪ್ರತಿ ತಿಂಗಳ ಖರ್ಚನ್ನೂ ಬರೆದಿಡುತ್ತೇನೆ. ಆದರೂ ಕೊನೆಗೆ ಲೆಕ್ಕ ಹೊಂದುವುದಿಲ್ಲ. ಖಾತೆಯಲ್ಲಿ ಅರ್ಥವಾಗದ ಸಣ್ಣ ಸಣ್ಣ ಕಡಿತಗಳು ಕಾಣುತ್ತವೆ. ಶೇ. 10ರ ಬಡ್ಡಿ ಎಂದು ಹೇಳಿ ಕೊಟ್ಟ ಸಾಲಕ್ಕೆ ಅದಕ್ಕಿಂತ ಹೆಚ್ಚು ಕಟ್ಟುತ್ತಿದ್ದೇನೆ ಎಂಬ ಅನುಮಾನವಿದೆ. ಹೂಡಿಕೆಯಲ್ಲೂ ಶುಲ್ಕ ಹೋಗುತ್ತದೆಯಂತೆ, ಆದರೆ ಎಲ್ಲಿಯೂ ಕಾಣುವುದಿಲ್ಲ. ಇವನ್ನೆಲ್ಲ ಹೇಗೆ ಹುಡುಕುವುದು, ಹೇಗೆ ತಪ್ಪಿಸುವುದು?

ಉತ್ತರ: ನೀವು ಒಂದೇ ಉಸಿರಿನಲ್ಲಿ ಕೇಳಿದ್ದು ಮೂರು ಬೇರೆ ಬೇರೆ ಜಾತಿಯ ಶುಲ್ಕಗಳ ವಿಷಯ. ಖಾತೆಯಿಂದ ಕಡಿತವಾಗಿ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲಾಗಿ ಕಾಣಿಸಿಕೊಳ್ಳುವುದು ಮೊದಲನೆಯದು. ಸಾಲದ ಹಣ ನಿಮ್ಮ ಕೈ ಸೇರುವ ಮುನ್ನವೇ ಮುರಿದುಕೊಳ್ಳುವುದು ಅಥವಾ ಬಡ್ಡಿಯ ಲೆಕ್ಕದೊಳಗೆ ಸೇರಿಸಿಬಿಡುವುದು ಎರಡನೆಯದು. ಹೂಡಿಕೆಯ ಬೆಲೆಯೊಳಗೇ ದಿನದಿನವೂ ಕಳೆಯುತ್ತಾ ಹೋಗಿ, ಯಾವ ಕಾಗದದಲ್ಲೂ ಸಾಲಾಗಿ ಕಾಣಿಸದಿರುವುದು ಮೂರನೆಯದು. ನಮಗೆ ಸಿಟ್ಟು ಬರುವುದು ಹೆಚ್ಚಾಗಿ ಮೊದಲನೆಯದರ ಮೇಲೆ, ಏಕೆಂದರೆ ಅದು ಕಣ್ಣಿಗೆ ಬೀಳುತ್ತದೆ. ನಷ್ಟ ಹೆಚ್ಚಾಗುವುದು ಮಾತ್ರ ಎರಡು ಮತ್ತು ಮೂರನೆಯದರಲ್ಲಿ. ಆದ್ದರಿಂದ ಹುಡುಕಾಟವನ್ನು ಸ್ಟೇಟ್‌ಮೆಂಟಿನಿಂದ ಶುರುಮಾಡಿದರೂ ಅಲ್ಲಿಗೇ ನಿಲ್ಲಿಸಬೇಡಿ.

ಎಲ್ಲದಕ್ಕೂ ಅನ್ವಯವಾಗುವ ಒಂದು ಪರೀಕ್ಷೆಯನ್ನು ಮೊದಲೇ ಹೇಳಿಬಿಡುತ್ತೇನೆ. ದರ, ಕೊಡುಗೆ, ರಿಯಾಯಿತಿ ಎಂದು ಅವರು ಹೇಳುವ ಮಾತನ್ನು ಪಕ್ಕಕ್ಕಿಡಿ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ: ಯಾವ ತಾರೀಖಿಗೆ ನನ್ನ ಕೈಗೆ ಎಷ್ಟು ಬಂತು, ಯಾವ ತಾರೀಖಿಗೆ ನನ್ನ ಕೈಯಿಂದ ಎಷ್ಟು ಹೋಯಿತು. ಶುಲ್ಕಕ್ಕೆ ಯಾವ ಹೆಸರಿಟ್ಟರೂ ಅದು ಈ ಎರಡು ಪಟ್ಟಿಗಳ ಅಂತರದಲ್ಲಿ ಸಿಕ್ಕಿಬೀಳುತ್ತದೆ. ಕೆಳಗಿನ ಲೆಕ್ಕಗಳೆಲ್ಲ ಇದರ ಮೇಲೆಯೇ ನಿಂತಿವೆ. ಯಾವ ದೇಶದ ಹಣವಾದರೂ ಲೆಕ್ಕ ಬದಲಾಗದು, ಹಾಗಾಗಿ ಬರಿಯ ಅಂಕಿಗಳನ್ನೇ ಕೊಡುತ್ತಿದ್ದೇನೆ.

ಸ್ಟೇಟ್‌ಮೆಂಟಿನಿಂದ ಶುರು

ಹಿಂದಿನ ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಹನ್ನೆರಡು ಸಾಲದು. ವರ್ಷಕ್ಕೊಮ್ಮೆ ಬೀಳುವ ಕಾರ್ಡ್ ಶುಲ್ಕ, ಲಾಕರ್ ಬಾಡಿಗೆ, ವಾರ್ಷಿಕ ಚಂದಾ ಇಂಥವು ಹನ್ನೆರಡು ತಿಂಗಳಲ್ಲಿ ಒಂದೇ ಸಲ ಕಾಣುತ್ತವೆ. ಹದಿಮೂರನೆಯ ತಿಂಗಳು ಸೇರಿದರೆ ಕೆಲವಾದರೂ ಎರಡೆರಡು ಸಲ ಸಿಗುತ್ತವೆ, ಆಗ ಹೋದ ವರ್ಷಕ್ಕಿಂತ ಎಷ್ಟು ಏರಿಸಿದ್ದಾರೆ ಎಂಬುದೂ ಗೊತ್ತಾಗುತ್ತದೆ. ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್, ವಾಲೆಟ್, ಆ್ಯಪ್ ಸ್ಟೋರಿನ ಖರೀದಿ ಇತಿಹಾಸ, ಈ ನಾಲ್ಕನ್ನೂ ನೋಡಬೇಕು. ಆ್ಯಪ್ ಸ್ಟೋರಿನ ಮೂಲಕ ಹೋಗುವ ಹತ್ತು ಚಂದಾಗಳು ಬ್ಯಾಂಕಿನಲ್ಲಿ ಒಂದೇ ಹೆಸರಿನಲ್ಲಿ ಕಾಣುವುದರಿಂದ ಅಲ್ಲಿ ಮಾತ್ರ ನೋಡಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಈಗ ಮೊತ್ತದ ಪ್ರಕಾರ ಸಾಲುಗಳನ್ನು ಜೋಡಿಸಿ, ಸಣ್ಣದರಿಂದ ದೊಡ್ಡದಕ್ಕೆ. ತಾರೀಖಿನ ಪ್ರಕಾರ ಓದಿದರೆ ಸಣ್ಣ ಕಡಿತಗಳು ದೊಡ್ಡ ಖರ್ಚುಗಳ ನಡುವೆ ಮುಚ್ಚಿಹೋಗುತ್ತವೆ. ಮೊತ್ತದ ಪ್ರಕಾರ ಇಟ್ಟರೆ ಒಂದೇ ಅಂಕಿ ತಿಂಗಳುತಿಂಗಳೂ ಬಂದದ್ದು ಸಾಲಾಗಿ ಎದ್ದು ನಿಲ್ಲುತ್ತದೆ. ಪ್ರತಿಯೊಂದರ ಎದುರು ವರ್ಷದ ಮೊತ್ತ ಬರೆಯಿರಿ. ತಿಂಗಳಿಗೆ 149 ಎಂಬುದು ಏನೂ ಅನ್ನಿಸುವುದಿಲ್ಲ, ವರ್ಷಕ್ಕೆ 1,788 ಎಂದಾಗ ನಿರ್ಧಾರ ಮಾಡುವುದು ಸುಲಭ. ಶುಲ್ಕದ ಮೇಲೆ ತೆರಿಗೆ ಬೀಳುವ ಕಡೆ ಅದು ಪಕ್ಕದಲ್ಲಿ ಬೇರೆ ಸಾಲಾಗಿ ಬರಬಹುದು. ಅದನ್ನೂ ಕೂಡಿಸಿಕೊಳ್ಳಿ.

ಅರ್ಥವಾಗದ ಸಂಕ್ಷಿಪ್ತ ಅಕ್ಷರಗಳಿದ್ದರೆ ಊಹೆ ಮಾಡಬೇಡಿ. ಪ್ರತಿ ಬ್ಯಾಂಕಿಗೂ ಒಂದು ಶುಲ್ಕ ಪಟ್ಟಿ ಇರುತ್ತದೆ. ಅದನ್ನು ತೆಗೆದು, ನಿಮ್ಮ ಖಾತೆಯ ವಿಧ ಯಾವುದೋ ಆ ಕಾಲಂ ಮಾತ್ರ ನೋಡಿ. ಒಂದೇ ಬ್ಯಾಂಕಿನ ಐದು ಬಗೆಯ ಉಳಿತಾಯ ಖಾತೆಗಳಿಗೆ ಐದು ಬಗೆಯ ಶುಲ್ಕವಿರುವುದು ಸಾಮಾನ್ಯ. ಕೆಲಸ ಬಿಟ್ಟ ಮೇಲೆ ಸಂಬಳದ ಖಾತೆ ತಾನಾಗಿ ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಗಿ, ಕನಿಷ್ಠ ಬ್ಯಾಲೆನ್ಸಿನ ನಿಯಮ ಶುರುವಾಗಿರಬಹುದು. ಎಷ್ಟೋ ಜನರ ಖಾತೆಯಲ್ಲಿ ‘ಇದ್ದಕ್ಕಿದ್ದಂತೆ’ ಬಿದ್ದ ದಂಡದ ಹಿಂದೆ ಇರುವುದು ಇದೇ.

ಕನಿಷ್ಠ ಬ್ಯಾಲೆನ್ಸ್ ಎಂಬಲ್ಲಿ ಸ್ವಲ್ಪ ನಿಲ್ಲೋಣ. 10,000 ಇರಬೇಕು ಎಂಬುದಕ್ಕೆ ಎರಡು ಅರ್ಥಗಳಿವೆ. ತಿಂಗಳ ಸರಾಸರಿ 10,000 ಇರಬೇಕೆಂದರೆ, ಪ್ರತಿದಿನದ ಕೊನೆಯ ಬ್ಯಾಲೆನ್ಸ್ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಮೂವತ್ತು ದಿನದ ತಿಂಗಳಲ್ಲಿ ಒಟ್ಟು 3,00,000 ಆಗಬೇಕು. ಹತ್ತು ದಿನ 30,000 ಇದ್ದು ಉಳಿದ ಇಪ್ಪತ್ತು ದಿನ ಸೊನ್ನೆ ಇದ್ದರೂ ಸಾಕು. ಯಾವ ದಿನವೂ 10,000ಕ್ಕಿಂತ ಕೆಳಗಿಳಿಯಬಾರದು ಎಂಬ ನಿಯಮವಾದರೆ ಒಂದೇ ದಿನ 9,900 ಆದರೂ ದಂಡ ಬೀಳುತ್ತದೆ. ನಿಮ್ಮದು ಯಾವುದೆಂದು ಶುಲ್ಕ ಪಟ್ಟಿಯ ಅಡಿಟಿಪ್ಪಣಿಯಲ್ಲಿರುತ್ತದೆ. ಮೊದಲನೆಯದಾದರೆ ತಿಂಗಳ ಕೊನೆಯ ವಾರದಲ್ಲಿ ಕೊರತೆ ಲೆಕ್ಕ ಹಾಕಿ, ಕೆಲವು ದಿನದ ಮಟ್ಟಿಗೆ ಹೆಚ್ಚು ಹಣವಿಟ್ಟು ಸರಿದೂಗಿಸಬಹುದು. ಎರಡನೆಯದಾದರೆ ಬೇರೆ ಬಗೆಯ ಖಾತೆಗೆ ಬದಲಾಯಿಸಿಕೊಳ್ಳುವುದೇ ಮೇಲು.

ಹಣ ಸಾಲದೆ ಪಾವತಿ ತಿರುಗಿಬಂದಾಗ ಬೀಳುವ ಶುಲ್ಕ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಎರಡೂ ಕಡೆ ಬೀಳುತ್ತದೆ: ನಿಮ್ಮ ಬ್ಯಾಂಕಿನಲ್ಲೊಂದು, ಕಂತು ವಸೂಲಿ ಮಾಡುವವರಲ್ಲಿ ಇನ್ನೊಂದು. ಒಂದೇ ದಿನ ಹಲವು ಪಾವತಿಗಳಿದ್ದರೆ ಯಾವುದನ್ನು ಮೊದಲು ತೆಗೆದುಕೊಳ್ಳುತ್ತಾರೆ ಎಂಬುದೂ ಮುಖ್ಯ. ಖಾತೆಯಲ್ಲಿ 1,000 ಇದೆ. 150, 200, 250, 950ರ ನಾಲ್ಕು ಪಾವತಿಗಳು ಬಂದಿವೆ ಎನ್ನಿ. ಸಣ್ಣದರಿಂದ ಶುರುಮಾಡಿದರೆ ಮೂರು ಸಲೀಸಾಗಿ ಹೋಗಿ ಒಂದು ಮಾತ್ರ ತಿರುಗಿಬರುತ್ತದೆ. ದೊಡ್ಡದರಿಂದ ಶುರುಮಾಡಿದರೆ 950 ಹೋಗಿ ಉಳಿದ ಮೂರೂ ತಿರುಗಿಬರುತ್ತವೆ, ಮೂರು ದಂಡ. ಹೀಗೆ ಕ್ರಮ ಬದಲಿಸಿದ್ದರ ಮೇಲೆ ಅಮೆರಿಕದಲ್ಲಿ ಬ್ಯಾಂಕುಗಳ ವಿರುದ್ಧ ಮೊಕದ್ದಮೆಗಳೇ ನಡೆದಿವೆ. ಇದಕ್ಕೆ ಸರಳವಾದ ಪರಿಹಾರವಿದೆ. ಕಂತಿನ ತಾರೀಖನ್ನು ಸಂಬಳ ಬರುವ ದಿನದಿಂದ ಮೂರು–ನಾಲ್ಕು ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ಸಂಬಳದ ದಿನಕ್ಕೇ ಇಟ್ಟರೆ ರಜೆ ಬಂದ ತಿಂಗಳು ಕೈಕೊಡುತ್ತದೆ. ತಾನಾಗಿ ಕಡಿತವಾಗುವ ಪಾವತಿಗಳಿಗೆಲ್ಲ ಒಂದು ಪ್ರತ್ಯೇಕ ಖಾತೆ ಇಟ್ಟು, ತಿಂಗಳ ಮೊತ್ತದ ಜೊತೆಗೆ ಒಂದು ಕಂತಿನಷ್ಟು ಹೆಚ್ಚುವರಿ ಹಣ ಅಲ್ಲಿ ಬಿಟ್ಟಿರಿ.

ಚಂದಾಗಳ ವಿಷಯದಲ್ಲಿ ಆಗುವ ತಪ್ಪು ಒಂದೇ ಬಗೆಯದು: ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಂತಿತು ಎಂದುಕೊಳ್ಳುವುದು. ಅದು ನಿಲ್ಲುವುದಿಲ್ಲ. ಕಾರ್ಡ್ ಬದಲಾದರೂ ನಿಲ್ಲದಿರಬಹುದು; ಹೊಸ ಕಾರ್ಡಿನ ವಿವರವನ್ನು ವ್ಯಾಪಾರಿಗೆ ತಾನಾಗಿ ತಲುಪಿಸುವ ವ್ಯವಸ್ಥೆ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳಲ್ಲಿದೆ. ಮೊದಲು ಸೇವೆ ಕೊಡುವವರಲ್ಲಿ ರದ್ದುಮಾಡಿ, ರದ್ದಾದ ಸಂದೇಶ ಉಳಿಸಿಕೊಳ್ಳಿ, ಆಮೇಲೆ ಬ್ಯಾಂಕಿನಲ್ಲಿ ಆಟೋಪೇ ಅನುಮತಿ ತೆಗೆಯಿರಿ. ಬ್ಯಾಂಕಿನಲ್ಲಿ ಮಾತ್ರ ತಡೆದರೆ ಅವರ ಲೆಕ್ಕದಲ್ಲಿ ನೀವು ಬಾಕಿದಾರರಾಗಿಯೇ ಉಳಿಯಬಹುದು. ಉಚಿತ ಪ್ರಯೋಗಕ್ಕೆ ಸೇರಿದರೆ ಅದೇ ದಿನ ರದ್ದುಮಾಡಿ. ಹಲವು ಸೇವೆಗಳು ರದ್ದಾದ ಮೇಲೂ ಅವಧಿ ಮುಗಿಯುವವರೆಗೆ ಬಳಸಲು ಬಿಡುತ್ತವೆ.

ಸಾಲದ ನಿಜವಾದ ಬೆಲೆ

ಈಗ ನಿಮ್ಮ ಶೇ. 10ರ ಸಾಲಕ್ಕೆ ಬರೋಣ. ನಿಮ್ಮ ಅನುಮಾನ ಸರಿಯಿರುವ ಸಾಧ್ಯತೆ ಹೆಚ್ಚು. ಮೊದಲು ಕೇಳಬೇಕಾದ್ದು: ಇದು ಫ್ಲಾಟ್ ದರವೋ, ಇಳಿಯುವ ಬಾಕಿಯ ಮೇಲಿನ ದರವೋ? ಫ್ಲಾಟ್ ದರದಲ್ಲಿ ಮೂಲ ಸಾಲದ ಮೇಲೆಯೇ ಕೊನೆಯ ತಿಂಗಳವರೆಗೂ ಬಡ್ಡಿ ಹಾಕುತ್ತಾರೆ. ನೀವು ಅಸಲನ್ನು ತಿಂಗಳುತಿಂಗಳೂ ತೀರಿಸುತ್ತಾ ಬಂದರೂ, ಆಗಲೇ ವಾಪಸು ಕೊಟ್ಟ ಹಣಕ್ಕೂ ಬಡ್ಡಿ ಕಟ್ಟುತ್ತಿರುತ್ತೀರಿ.

1,00,000 ಸಾಲ, ಹನ್ನೆರಡು ತಿಂಗಳು, ಫ್ಲಾಟ್ ಶೇ. 10 ಎಂದರೆ ಬಡ್ಡಿ 10,000. ಒಟ್ಟು 1,10,000ವನ್ನು ಹನ್ನೆರಡರಿಂದ ಭಾಗಿಸಿದರೆ ಕಂತು 9,167. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದೇ ಕಂತು ಶೇ. 18ಕ್ಕೆ ಸಮ. ಒಂದರಿಂದ ಮೂರು ವರ್ಷದ ಸಾಲಕ್ಕೆ, ಶೇ. 10ರ ಆಸುಪಾಸಿನ ಫ್ಲಾಟ್ ದರವನ್ನು 1.8ರಿಂದ ಗುಣಿಸಿದರೆ ನಿಜವಾದ ದರದ ಹತ್ತಿರ ಬರುತ್ತದೆ. ಅಂಗಡಿಯ ಕೌಂಟರಿನ ಮುಂದೆ ನಿಂತು ಮಾಡಬಹುದಾದ ಲೆಕ್ಕ ಇದು.

ಇದರ ಮೇಲೆ ಶುಲ್ಕಗಳು ಕೂಡುತ್ತವೆ. ಪ್ರೊಸೆಸಿಂಗ್ ಶುಲ್ಕವೆಂದು 2,000 ಮುರಿದುಕೊಂಡು 98,000 ಕೊಟ್ಟರು ಎನ್ನಿ. ಕಂತು ಮಾತ್ರ ಅದೇ 9,167. ನಿಜವಾದ ದರ ಸುಮಾರು ಶೇ. 21.9 ಆಯಿತು. ಸಾಲಕ್ಕೆ ವಿಮೆಯೆಂದು ಇನ್ನೂ 1,500 ಹಿಡಿದು 96,500 ಮಾತ್ರ ಖಾತೆಗೆ ಹಾಕಿದರೆ ಶೇ. 24.9. ಬಾಯಲ್ಲಿ ಹೇಳಿದ್ದು ಹತ್ತು, ಕಟ್ಟುತ್ತಿರುವುದು ಇಪ್ಪತ್ತೈದು. ಇದರಲ್ಲಿ ಒಂದೊಂದು ಸಾಲೂ ಅರ್ಜಿಯಲ್ಲಿ ಎಲ್ಲೋ ಬರೆದೇ ಇರುತ್ತದೆ. ಆದರೂ ಒಟ್ಟು ಸೇರಿಸಿ ಒಂದು ಅಂಕಿಯಾಗಿ ಹೇಳದಿದ್ದರೆ ಅದು ಮುಚ್ಚಿಟ್ಟದ್ದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಕಂತನ್ನು ಸಾಲ ಕೊಡುವ ದಿನವೇ ಹಿಡಿದುಕೊಳ್ಳುವ ಪದ್ಧತಿಯೂ ಇದೆ. ಮೇಲಿನ ಸಾಲದಲ್ಲಿ ಬೇರೆ ಯಾವ ಶುಲ್ಕವಿಲ್ಲದೆ ಇದೊಂದನ್ನೇ ಮಾಡಿದರೂ ಶೇ. 18 ಇದ್ದದ್ದು 21.4ಕ್ಕೆ ಏರುತ್ತದೆ. ಕಟ್ಟುವ ಒಟ್ಟು ಹಣ ಒಂದು ಪೈಸೆಯೂ ಹೆಚ್ಚಾಗಿಲ್ಲ. ಆದರೆ ಆ ಹಣ ನಿಮ್ಮ ಕೈಯಲ್ಲಿ ಒಂದು ದಿನವೂ ಇರಲಿಲ್ಲ.

ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಯಾವುದೇ ಸ್ಪ್ರೆಡ್‌ಶೀಟಿನಲ್ಲಿ ‘ರೇಟ್’ (RATE) ಎಂಬ ಸೂತ್ರವಿದೆ. ಅದಕ್ಕೆ ಕ್ರಮವಾಗಿ ಮೂರು ಅಂಕಿ ಕೊಡಬೇಕು: ಕಂತುಗಳ ಸಂಖ್ಯೆ, ಕಂತಿನ ಮೊತ್ತ (ಅಂಕಿಗೆ ಮೊದಲು ಮೈನಸ್ ಚಿಹ್ನೆ ಹಾಕಿ), ನಿಜವಾಗಿ ಕೈಗೆ ಬಂದ ಹಣ. ಮಂಜೂರಾದ ಮೊತ್ತವನ್ನಲ್ಲ, ಖಾತೆಗೆ ಜಮೆಯಾದ ಮೊತ್ತವನ್ನು ಹಾಕಿ. ಲೆಕ್ಕ ತಪ್ಪುವುದು ಇಲ್ಲೇ. ಬಂದ ಉತ್ತರ ತಿಂಗಳ ದರ. ಹನ್ನೆರಡರಿಂದ ಗುಣಿಸಿದರೆ ವರ್ಷದ್ದು. ಉತ್ತರದ ಬದಲು ತಪ್ಪು ಸಂದೇಶ ಬಂದರೆ ಮೈನಸ್ ಚಿಹ್ನೆ ಬಿಟ್ಟುಹೋಗಿದೆಯೇ ನೋಡಿ.

ಎಲ್ಲ ಶುಲ್ಕ ಸೇರಿಸಿದ ಈ ಒಂದು ಅಂಕಿಗೆ ಸಾಲ ಕೊಡುವವರ ಭಾಷೆಯಲ್ಲಿ ‘ಎಪಿಆರ್’, ಅಂದರೆ ವಾರ್ಷಿಕ ಶೇಕಡಾ ದರ ಎನ್ನುತ್ತಾರೆ. ಅಮೆರಿಕದಲ್ಲಿ 1968ರ ಕಾನೂನೊಂದು ಇದನ್ನು ಸಾಲಗಾರನಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ ಎಪಿಆರ್ ಮತ್ತು ಎಲ್ಲ ಶುಲ್ಕಗಳಿರುವ ಮುಖ್ಯಾಂಶಗಳ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಆ ಪತ್ರದಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ಎಲ್ಲೇ ಸಾಲ ತೆಗೆದುಕೊಂಡರೂ ಸಹಿ ಹಾಕುವ ಮುನ್ನ ‘ಎಪಿಆರ್ ಎಷ್ಟು, ಬರಹದಲ್ಲಿ ಕೊಡಿ’ ಎಂದು ಕೇಳಿ. ಎರಡು ಸಾಲಗಳನ್ನು ಹೋಲಿಸುವುದಾದರೆ ಆ ಅಂಕಿಯಿಂದಲೇ ಹೋಲಿಸಿ.

ಸಾಲದ ಜೊತೆ ಬರುವ ವಿಮೆಯ ಬಗ್ಗೆ ಇನ್ನೊಂದು ಮಾತು. ಅದರ ಪ್ರೀಮಿಯಂ ಅನ್ನು ಹಲವು ಸಲ ಸಾಲಕ್ಕೇ ಸೇರಿಸುತ್ತಾರೆ. ಆಗ ಪ್ರೀಮಿಯಂ ಮೇಲೂ ಸಾಲದ ಅವಧಿಯುದ್ದಕ್ಕೂ ಬಡ್ಡಿ ಓಡುತ್ತದೆ. ವಿಮೆ ಬೇಕೇಬೇಕು ಎಂದರೆ ಬೇರೆ ಕಡೆಯಿಂದ ಕೊಂಡು ತರಬಹುದೇ ಎಂದು ಕೇಳಿ. ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಉಳಿದ ಕಾಲದ ಪ್ರೀಮಿಯಂ ವಾಪಸು ಕೇಳಲು ಮರೆಯಬೇಡಿ. ಕೇಳದವರಿಗೆ ಅದು ತಾನಾಗಿ ಬರುವುದು ಅಪರೂಪ.

ಮುಂಚಿತವಾಗಿ ತೀರಿಸುವ ಶುಲ್ಕವನ್ನೂ ಮೊದಲೇ ನೋಡಿಕೊಂಡಿರಬೇಕು. ಬಾಕಿಯ ಶೇ. 3 ಶುಲ್ಕವಿದ್ದು, ಸಾಲ ಮುಗಿಯಲು ಮೂರು ತಿಂಗಳಷ್ಟೇ ಉಳಿದಿದ್ದರೆ ಉಳಿಯುವ ಬಡ್ಡಿಗಿಂತ ಶುಲ್ಕವೇ ಹೆಚ್ಚಾಗಬಹುದು. ವರ್ಷಗಟ್ಟಲೆ ಉಳಿದಿದ್ದರೆ ಶುಲ್ಕ ಕೊಟ್ಟೂ ಲಾಭವಾಗಬಹುದು. ‘ಇಂದು ತೀರಿಸಿದರೆ ಒಟ್ಟು ಎಷ್ಟು’ ಎಂಬ ಪತ್ರವನ್ನು ತರಿಸಿಕೊಂಡು, ಉಳಿದ ಕಂತುಗಳ ಮೊತ್ತದ ಪಕ್ಕದಲ್ಲಿಟ್ಟು ನೋಡಿ.

ಬಡ್ಡಿಯಿಲ್ಲದ ಕಂತು ಎಂದು ಮೂಗಿಗೆ ತುಪ್ಪ ಸವರುವ ಕೊಡುಗೆಗಳಲ್ಲಿ ಬಡ್ಡಿ ಬೇರೆ ಕಡೆ ಕೂತಿರುತ್ತದೆ. ವಸ್ತುವಿನ ಬೆಲೆ 60,000, ಕಂತು 10,000ದಂತೆ ಆರು. ಪೂರ್ತಿ ಹಣ ಈಗಲೇ ಕೊಟ್ಟರೆ 3,000 ರಿಯಾಯಿತಿ. ಹಾಗಾದರೆ ವಸ್ತುವಿನ ನಿಜವಾದ ನಗದು ಬೆಲೆ 57,000. ಅದನ್ನು ಆರು ಕಂತಿನಲ್ಲಿ 60,000 ಮಾಡಿ ಕಟ್ಟುವುದೆಂದರೆ ವರ್ಷಕ್ಕೆ ಸುಮಾರು ಶೇ. 17.8ರ ಬಡ್ಡಿ. ‘ಪೂರ್ತಿ ಹಣ ಈಗಲೇ ಕೊಟ್ಟರೆ ಕಡಿಮೆ ಎಷ್ಟು?’ ಎಂಬ ಒಂದು ಪ್ರಶ್ನೆಯಿಂದ ಇದು ಬಯಲಾಗುತ್ತದೆ. ರಿಯಾಯಿತಿಯೂ ಇಲ್ಲ, ಪ್ರೊಸೆಸಿಂಗ್ ಶುಲ್ಕವೂ ಇಲ್ಲ ಎಂದಾದರೆ ಮಾತ್ರ ಆ ಕಂತು ನಿಜಕ್ಕೂ ಬಡ್ಡಿಯಿಲ್ಲದ್ದು.

ಕ್ರೆಡಿಟ್ ಕಾರ್ಡ್ ಮತ್ತು ಪರದೇಶದ ಹಣ

ಕಾರ್ಡಿನಲ್ಲಿ ಜನರಿಗೆ ತಿಳಿಯದೇ ಹೋಗುವ ನಿಯಮವೊಂದಿದೆ. ಬಿಲ್ಲನ್ನು ಪೂರ್ತಿ ಕಟ್ಟಿದರೆ ಮಾತ್ರ ಬಡ್ಡಿರಹಿತ ಅವಧಿ ಸಿಗುತ್ತದೆ. ಸ್ವಲ್ಪ ಉಳಿಸಿಕೊಂಡರೂ ಆ ಸೌಲಭ್ಯ ಹೋಗುತ್ತದೆ. ಹಲವು ಕಾರ್ಡುಗಳಲ್ಲಿ ಖರೀದಿ ಮಾಡಿದ ದಿನದಿಂದ, ಪೂರ್ತಿ ಮೊತ್ತದ ಮೇಲೆ ಬಡ್ಡಿ ಬೀಳುತ್ತದೆ. ತಿಂಗಳಿಗೆ ಶೇ. 3ರ ಕಾರ್ಡಿನಲ್ಲಿ 20,000 ಬಿಲ್ಲಿಗೆ 19,000 ಕಟ್ಟಿದಿರಿ ಎನ್ನಿ. ಖರೀದಿಗೂ ಪಾವತಿಗೂ ನಡುವೆ ಮೂವತ್ತೈದು ದಿನ ಕಳೆದಿದ್ದರೆ ಬಡ್ಡಿ ಸುಮಾರು 690. ನೀವು ಉಳಿಸಿಕೊಂಡದ್ದು 1,000 ಮಾತ್ರ. ಮುಂದಿನ ತಿಂಗಳ ಹೊಸ ಖರೀದಿಗಳಿಗೂ ಮೊದಲ ದಿನದಿಂದ ಬಡ್ಡಿ ಶುರುವಾಗುತ್ತದೆ. ಬಾಕಿ ಪೂರ್ತಿ ತೀರಿಸಿದ ಮರುತಿಂಗಳೂ ಸಣ್ಣದೊಂದು ಬಡ್ಡಿ ಬಂದರೆ ಗಾಬರಿಯಾಗಬೇಡಿ. ಬಿಲ್ ತಯಾರಾದ ದಿನಕ್ಕೂ ನೀವು ಕಟ್ಟಿದ ದಿನಕ್ಕೂ ನಡುವಿನದು ಅದು. ಅದನ್ನೂ ಕಟ್ಟಿ ಮುಗಿಸಿ, ಇಲ್ಲವಾದರೆ ಮತ್ತೆ ವಿಳಂಬ ಶುಲ್ಕ ಬೀಳುತ್ತದೆ.

ತಿಂಗಳಿಗೆ ಶೇ. 3 ಎಂದರೆ ವರ್ಷಕ್ಕೆ ಶೇ. 36 ಎಂದುಕೊಳ್ಳುತ್ತೇವೆ. ಬಡ್ಡಿಗೆ ಬಡ್ಡಿ ಸೇರಿದಾಗ ಅದು ಶೇ. 42.6. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುತ್ತಾ ಹೋದರೆ ಏನಾಗುತ್ತದೆ ನೋಡಿ: 50,000 ಬಾಕಿ, ಕನಿಷ್ಠ ಪಾವತಿ ಬಾಕಿಯ ಶೇ. 5. ಹೊಸದಾಗಿ ಒಂದು ಪೈಸೆ ಖರ್ಚು ಮಾಡದಿದ್ದರೂ ಸಾಲ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ಪೂರ್ತಿ ಬಿಲ್ಲಿಗೆ ಆಟೋಪೇ ಹಾಕುವಾಗ ‘ಒಟ್ಟು ಬಾಕಿ’ ಆಯ್ಕೆಯಾಗಿದೆಯೇ ಎಂದು ಎರಡು ಸಲ ನೋಡಿ. ಕೆಲವು ಕಡೆ ಮೊದಲೇ ಗುರುತು ಬಿದ್ದಿರುವುದು ‘ಕನಿಷ್ಠ ಬಾಕಿ’ಯ ಮೇಲೆ. ಕಾರ್ಡಿನಿಂದ ನಗದು ತೆಗೆಯುವುದು ಬೇಡವೇ ಬೇಡ. ಅದಕ್ಕೆ ಸಾಮಾನ್ಯವಾಗಿ ಬಡ್ಡಿರಹಿತ ದಿನ ಒಂದೂ ಇಲ್ಲ, ಮೇಲೆ ಶುಲ್ಕ ಬೇರೆ.

ಪರದೇಶದಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ?’ ಎಂದು ಕೇಳಿದರೆ ಬೇಡ ಎನ್ನಿ. ಆ ದೇಶದ ಹಣದಲ್ಲೇ ಕಟ್ಟಿ. ನಿಮ್ಮ ಹಣದಲ್ಲಿ ತೋರಿಸುವ ಮೊತ್ತದೊಳಗೆ ವ್ಯಾಪಾರಿಯ ಕಡೆಯವರು ನಿಗದಿ ಮಾಡಿದ ವಿನಿಮಯ ದರ ಸೇರಿರುತ್ತದೆ, ಅದು ಕಾರ್ಡ್ ಜಾಲದ ದರಕ್ಕಿಂತ ಸಾಮಾನ್ಯವಾಗಿ ದುಬಾರಿ. ‘ಕಮಿಷನ್ ಇಲ್ಲ’ ಎಂಬ ಬೋರ್ಡಿರುವ ವಿನಿಮಯ ಅಂಗಡಿಯಲ್ಲಿ ಕೊಳ್ಳುವ ದರ, ಮಾರುವ ದರ ಎರಡನ್ನೂ ನೋಡಿ. ಕೊಳ್ಳುವುದು 96ಕ್ಕೆ, ಮಾರುವುದು 104ಕ್ಕೆ ಎಂದರೆ ನಡುದರ 100. ಪ್ರತಿ ಸಲವೂ ನಿಮ್ಮಿಂದ ಶೇ. 4 ಹೋಗುತ್ತಿದೆ ಎಂದರ್ಥ. ಹೊರದೇಶಕ್ಕೆ ಹಣ ಕಳಿಸುವಾಗಲೂ ಶುಲ್ಕದ ಸಾಲನ್ನು ನೋಡಿ ಮೋಸಹೋಗಬೇಡಿ. ‘ಇಷ್ಟು ಕಳಿಸಿದರೆ ಆ ತುದಿಯಲ್ಲಿ ಕೈಗೆ ಎಷ್ಟು ಸಿಗುತ್ತದೆ?’ ಎಂದು ಕೇಳಿ ಹೋಲಿಸಿ.

ಟಿಕೆಟ್, ವಸತಿ, ಆನ್‌ಲೈನ್ ಖರೀದಿಗಳಲ್ಲಿ ಮೊದಲ ಪುಟದಲ್ಲಿ ಒಂದು ಬೆಲೆ, ಕೊನೆಯ ಪುಟದಲ್ಲಿ ಇನ್ನೊಂದು. ಸಮಯ ಕೊಟ್ಟು ವಿವರ ತುಂಬಿದ ಮೇಲೆ ಯಾರೂ ಹಿಂದಿರುಗುವುದಿಲ್ಲ ಎಂಬ ಲೆಕ್ಕ ಅವರದು. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಇದೂ ಒಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು. ಅಮೆರಿಕದಲ್ಲಿ ಕಾರ್ಯಕ್ರಮಗಳ ಟಿಕೆಟ್ ಮತ್ತು ಅಲ್ಪಾವಧಿ ವಸತಿಗೆ ಕಡ್ಡಾಯ ಶುಲ್ಕವೆಲ್ಲ ಸೇರಿದ ಬೆಲೆಯನ್ನೇ ಮೊದಲು ತೋರಿಸಬೇಕೆಂಬ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ನಿಯಮವಿರಲಿ ಬಿಡಲಿ, ಎರಡು ಕಡೆಯ ಬೆಲೆ ಹೋಲಿಸುವುದಾದರೆ ಎರಡರಲ್ಲೂ ಪಾವತಿಯ ಪುಟದವರೆಗೆ ಹೋಗಿ, ಮೊದಲೇ ಗುರುತು ಹಾಕಿಟ್ಟ ಚೌಕಗಳನ್ನೆಲ್ಲ ತೆಗೆದು, ಆಮೇಲೆ ಹೋಲಿಸಿ.

ಕಾಣದೇ ಹೋಗುವ ದೊಡ್ಡ ಮೊತ್ತ

ಹೂಡಿಕೆಯ ಶುಲ್ಕವನ್ನು ಕೊನೆಗೆ ಇಟ್ಟದ್ದು ಅದು ಚಿಕ್ಕದೆಂದಲ್ಲ. ಮ್ಯೂಚುವಲ್ ಫಂಡಿನ ನಿರ್ವಹಣಾ ವೆಚ್ಚವನ್ನು ವರ್ಷಕ್ಕೆ ಶೇಕಡಾ ಇಷ್ಟು ಎಂದು ಹೇಳುತ್ತಾರೆ, ಆದರೆ ಅದನ್ನು ದಿನದಿನದ ಬೆಲೆಯಿಂದಲೇ ಸ್ವಲ್ಪ ಸ್ವಲ್ಪ ಕಳೆದು ನಂತರ ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್ಟಿನ ಬೆಲೆ, ಪ್ರಕಟಿಸುತ್ತಾರೆ. ನಿಮಗೆ ಕಾಣುವುದು ಕಳೆದ ಮೇಲಿನ ಬೆಲೆ. ಅದಕ್ಕೇ ಯಾವ ಸ್ಟೇಟ್‌ಮೆಂಟಿನಲ್ಲೂ ಕಡಿತದ ಸಾಲು ಇರುವುದಿಲ್ಲ.

ಈ ಶೇಕಡಾವಾರು ಬೀಳುವುದು ನಿಮ್ಮ ಇಡೀ ಗಂಟಿನ ಮೇಲೆ, ಪ್ರತಿ ವರ್ಷ, ಲಾಭವಿರಲಿ ನಷ್ಟವಿರಲಿ. 1,00,000 ಹಣ ವರ್ಷಕ್ಕೆ ಶೇ. 8ರಂತೆ 25 ವರ್ಷ ಬೆಳೆದರೆ 6,84,848 ಆಗುತ್ತದೆ. ಅದರಲ್ಲಿ ಶೇ. 1 ವೆಚ್ಚಕ್ಕೆ ಹೋಗಿ ಶೇ. 7 ಉಳಿದರೆ 5,42,743. ಶೇ. 2 ಹೋಗಿ 6 ಉಳಿದರೆ 4,29,187. ‘ಬರೀ ಎರಡು ಪರ್ಸೆಂಟ್’ ನಿಮ್ಮ ಗಂಟಿನ ಶೇ. 37ನ್ನು ತೆಗೆದುಕೊಂಡು ಹೋಯಿತು. ಲಾಭದ ಲೆಕ್ಕದಲ್ಲಿ ಹೇಳುವುದಾದರೆ ಶೇ. 44ರ ಹತ್ತಿರ. ಕಳೆದುಹೋದ ಶುಲ್ಕ ಒಂದು ಕಡೆ, ಆ ಹಣ ನಿಮ್ಮಲ್ಲೇ ಇದ್ದಿದ್ದರೆ ಮುಂದೆ ಹುಟ್ಟಬೇಕಿದ್ದ ಬೆಳವಣಿಗೆ ಇನ್ನೊಂದು ಕಡೆ, ಎರಡೂ ಹೋಗುವುದರಿಂದ ಅಂತರ ಇಷ್ಟು ದೊಡ್ಡದು. ತಿಂಗಳ ಸಣ್ಣಪುಟ್ಟ ಎಸ್‌ಎಂಎಸ್ ಶುಲ್ಕಕ್ಕೆ ಬ್ಯಾಂಕಿನೊಡನೆ ಗಂಟೆಗಟ್ಟಲೆ ಜಗಳವಾಡುವವರು ಈ ಒಂದು ಸಾಲನ್ನು ಒಮ್ಮೆಯಾದರೂ ನೋಡಲಿ ಎಂಬುದು ನನ್ನ ಕಳಕಳಿ.

ನೋಡಬೇಕಾದ ಜಾಗ: ಫಂಡಿನ ಮಾಹಿತಿ ಪತ್ರದಲ್ಲಿ ‘ಒಟ್ಟು ವೆಚ್ಚ ಅನುಪಾತ’ ಎಂಬ ಅಂಕಿ, ಜೊತೆಗೆ ‘ಎಕ್ಸಿಟ್ ಲೋಡ್’, ಅಂದರೆ ಅವಧಿಗೆ ಮುಂಚೆ ತೆಗೆದರೆ ಕಳೆಯುವ ಶೇಕಡಾವಾರು. ಒಂದೇ ಫಂಡಿಗೆ ಎರಡು ರೂಪಗಳಿರಬಹುದು: ಮಧ್ಯವರ್ತಿಯ ಕಮಿಷನ್ ಸೇರಿದ್ದು, ಸೇರದ್ದು. ಭಾರತದಲ್ಲಿ 2013ರ ಜನವರಿ 1ರಿಂದ ಡೈರೆಕ್ಟ್ ಪ್ಲಾನ್ ಎಂಬ ಹೆಸರಿನಲ್ಲಿ ಎರಡನೆಯದು ಸಿಗುತ್ತದೆ. ಬ್ರಿಟನ್ ಅದಕ್ಕೆ ಸರಿಯಾಗಿ ಒಂದು ದಿನ ಮುಂಚೆ, 2012ರ ಡಿಸೆಂಬರ್ 31ರಿಂದ, ಹೂಡಿಕೆ ಸಲಹೆಗಾರರು ಕಂಪನಿಗಳಿಂದ ಕಮಿಷನ್ ಪಡೆಯುವುದನ್ನು ನಿಲ್ಲಿಸಿತು. ಎರಡು ರೂಪಗಳಲ್ಲೂ ಷೇರುಗಳು ಅವೇ, ನಿರ್ವಾಹಕರೂ ಅವರೇ; ವ್ಯತ್ಯಾಸ ವೆಚ್ಚದಲ್ಲಿ ಮಾತ್ರ. ಆದರೆ ಒಂದು ಎಚ್ಚರಿಕೆ. ಮಾರುಕಟ್ಟೆ ಬಿದ್ದಾಗ ಗಾಬರಿಯಿಂದ ಮಾರದಂತೆ ತಡೆಯುವ ಒಳ್ಳೆಯ ಸಲಹೆಗಾರರು ನಿಮಗಿದ್ದರೆ ಅವರ ಶುಲ್ಕ ದಂಡವಲ್ಲ. ಅದನ್ನು ನೇರವಾಗಿ, ಮೊತ್ತ ತಿಳಿದು, ಕೊಡಿ. ರೂಪ ಬದಲಿಸುವ ಮುನ್ನ ಎಕ್ಸಿಟ್ ಲೋಡ್ ಮತ್ತು ಲಾಭದ ಮೇಲಿನ ತೆರಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಕೆಲವೊಮ್ಮೆ ಹಳೆಯದನ್ನು ಹಾಗೇ ಬಿಟ್ಟು, ಹೊಸ ಹಣವನ್ನು ಮಾತ್ರ ಕಡಿಮೆ ವೆಚ್ಚದ್ದಕ್ಕೆ ಹಾಕುವುದು ಸರಿ.

ವಿಮೆ ಮತ್ತು ಉಳಿತಾಯ ಎರಡನ್ನೂ ಸೇರಿಸಿದ ಪಾಲಿಸಿಗಳಲ್ಲಿ ಮೊದಲ ವರ್ಷಗಳ ಪ್ರೀಮಿಯಂನಿಂದ ದೊಡ್ಡ ಪಾಲು ಕಮಿಷನ್ನಿಗೂ ಖರ್ಚಿಗೂ ಹೋಗಬಹುದು. ಮಾರುವವರನ್ನು ಹೀಗೆ ಕೇಳಿ: ‘ಒಂದು ವರ್ಷ ಕಟ್ಟಿ ನಿಲ್ಲಿಸಿದರೆ ಕೈಗೆ ಎಷ್ಟು? ಮೂರು ವರ್ಷಕ್ಕೆ? ಐದಕ್ಕೆ?’ ಸರೆಂಡರ್ ಮೌಲ್ಯದ ಆ ಕೋಷ್ಟಕವೇ ಶುಲ್ಕದ ಕನ್ನಡಿ. ಪಾಲಿಸಿ ಕೈಗೆ ಬಂದ ಮೇಲೆ ಓದಿ ವಾಪಸು ಮಾಡಲು ಹಲವು ದೇಶಗಳಲ್ಲಿ ಕೆಲವು ದಿನಗಳ ಅವಕಾಶವಿದೆ. ಆ ಗಡುವಿನ ತಾರೀಖನ್ನು ಪಾಲಿಸಿಯ ಮೇಲೇ ಬರೆದಿಟ್ಟುಕೊಳ್ಳಿ.

ಹೋದ ಹಣ ವಾಪಸು ಕೇಳುವುದು

ತಪ್ಪಾಗಿ ಕಳೆದ ಶುಲ್ಕವನ್ನು ಹಿಂದಕ್ಕೆ ಪಡೆಯಬಹುದು, ಕೇಳುವ ರೀತಿ ಸರಿಯಿದ್ದರೆ. ಫೋನಿನಲ್ಲಿ ಕೇಳಿದ್ದಕ್ಕೆ ದಾಖಲೆಯಿರುವುದಿಲ್ಲ, ಆದ್ದರಿಂದ ಬರಹದಲ್ಲಿ ಕೇಳಿ. ಪತ್ರ ಚಿಕ್ಕದಿರಲಿ: ಖಾತೆಯ ಕೊನೆಯ ನಾಲ್ಕು ಅಂಕಿ, ಕಡಿತದ ತಾರೀಖು, ಮೊತ್ತ, ಸ್ಟೇಟ್‌ಮೆಂಟಿನಲ್ಲಿ ಅದಕ್ಕೆ ಇರುವ ಹೆಸರು. ಆಮೇಲೆ ಎರಡೇ ಪ್ರಶ್ನೆ. ‘ಶುಲ್ಕ ಪಟ್ಟಿಯ ಯಾವ ಕಲಮಿನ ಪ್ರಕಾರ ಇದನ್ನು ಕಳೆದಿದ್ದೀರಿ? ನಾನು ಇದಕ್ಕೆ ಯಾವ ತಾರೀಖಿಗೆ, ಹೇಗೆ ಒಪ್ಪಿಗೆ ಕೊಟ್ಟಿದ್ದೇನೆ?’ ಉತ್ತರ ಸಿಗದಿದ್ದರೆ ಇಂಥ ತಾರೀಖಿನೊಳಗೆ ಮೊತ್ತ ಮತ್ತು ಅದರ ಮೇಲಿನ ತೆರಿಗೆ ಹಿಂದಿರುಗಿಸಿ ಎಂದು ಮುಗಿಸಿ. ಶುಲ್ಕ ನಿಯಮದ ಪ್ರಕಾರವೇ ಇದ್ದು, ನಿಮ್ಮಿಂದ ಮೊದಲ ಸಲ ತಪ್ಪಾಗಿದ್ದರೆ ಹಾಗೆಯೇ ಒಪ್ಪಿಕೊಂಡು ‘ಈ ಸಲ ಬಿಟ್ಟುಕೊಡಿ’ ಎಂದು ಕೇಳುವುದೂ ಫಲಿಸುತ್ತದೆ. ವಿಳಂಬ ಶುಲ್ಕ, ವಾರ್ಷಿಕ ಕಾರ್ಡ್ ಶುಲ್ಕಗಳಲ್ಲಿ ಇಂಥ ವಿನಾಯಿತಿ ಸಿಗುವುದುಂಟು.

ದೂರಿನ ಸಂಖ್ಯೆ ಪಡೆದಿಟ್ಟುಕೊಳ್ಳಿ. ಮೇಲಿನ ಹಂತಕ್ಕೆ ಹೋಗಲು ಅದಿಲ್ಲದೆ ಆಗದು. ಭಾರತದಲ್ಲಿ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಶುಲ್ಕವಿಲ್ಲದೆ ದೂರು ಕೊಡಬಹುದು. ಇನ್ನೂ ಹಲವು ದೇಶಗಳಲ್ಲಿ ಇದೇ ಬಗೆಯ ವ್ಯವಸ್ಥೆಯಿದೆ. ಕಾರ್ಡಿನ ತಕರಾರಿಗೆ ಗಡುವು ಕಡಿಮೆ, ಅದಕ್ಕೇ ಬಿಲ್ ಬಂದ ವಾರದಲ್ಲೇ ಓದುವ ಅಭ್ಯಾಸವಿರಲಿ.

ಶುಲ್ಕದ ತಕರಾರು ನಡೆಯುತ್ತಿರುವಾಗ ಸಾಲದ ಕಂತನ್ನು ಮಾತ್ರ ನಿಲ್ಲಿಸಬೇಡಿ. ತಕರಾರು ನಿಮ್ಮ ಕಡೆ ತೀರ್ಮಾನವಾದರೂ ಕಂತು ತಪ್ಪಿದ ದಾಖಲೆ ಕ್ರೆಡಿಟ್ ವರದಿಯಲ್ಲಿ ವರ್ಷಗಟ್ಟಲೆ ಉಳಿಯಬಹುದು. ‘ತಕರಾರಿಗೆ ಒಳಪಟ್ಟು ಕಟ್ಟುತ್ತಿದ್ದೇನೆ’ ಎಂದು ಬರಹದಲ್ಲಿ ತಿಳಿಸಿ ಕಂತು ಕಟ್ಟಿ, ಆ ಪತ್ರದ ಪ್ರತಿಯನ್ನು ದೂರಿನ ಜೊತೆಗೇ ಇಟ್ಟುಕೊಳ್ಳಿ.